ಹಿಂದಿನ ಬ್ಯಾಟರಿ

ಗುಬ್ಬಿಯಿಂದ ಹೊರಟು, ತುಮಕೂರಿನ ಟ್ರಾಫಿಕ್ ದಾಟಿ, ಗೂಳೂರು, ಹೆಬ್ಬೂರು ಹಾದು ಕುಣಿಗಲ್ ದೊಡ್ಡಕೆರೆ ಮುಟ್ಟುವಷ್ಟರಲ್ಲಿ ಅರುಣಾಳ ಭುಜ ಸೆಟೆದುಕೊಂಡಿತ್ತು. ಅಷ್ಟು ದೊಡ್ಡ ವ್ಯಾನನ್ನು ಅಷ್ಟು ದೂರ ಅವಳು ಓಡಿಸಿದ್ದು ಅದೇ ಮೊದಲು. ಏರಿಯ ತುದಿಯಲ್ಲಿ ಹುಣಸೆಮರದ ನೆರಳು ಕಂಡದ್ದೇ ಗಾಡಿ ನಿಲ್ಲಿಸಿ, ಪಕ್ಕದ ಸೀಟಿನಲ್ಲಿದ್ದ ಗಂಡನ ಕಡೆ ನೋಡಿದಳು.

ಅಶ್ವಥ್ ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಕಲ್ ಫೋರ್‌ಮನ್ ಆಗಿದ್ದವನು. ರಿಟೈರ್ ಆದ ಮೇಲೆ ಹೆಂಡತಿಯನ್ನು ಕರೆದುಕೊಂಡು ಊರೂರು ಸುತ್ತಬೇಕೆಂದು ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡು, ಸೀಟು ಕಿತ್ತು, ಮಂಚ, ಒಲೆ, ಪುಟ್ಟ ಫ್ರಿಜ್ಜು, ಫ್ಯಾನು ಎಲ್ಲ ಕೂರಿಸಿದ್ದ. ಅವಕ್ಕೆ ಕರೆಂಟು ಕೊಡಲು ಮಂಚದ ಕೆಳಗೆ ಬೇರೆಯದೇ ಒಂದು ಬ್ಯಾಟರಿ. ಗಾಡಿ ಓಡುವಾಗ ಅದೂ ತಾನಾಗಿ ಚಾರ್ಜ್ ಆಗುವಂತೆ ವೈರು ಎಳೆದದ್ದು ಅವನೇ. ಆ ಕೆಲಸ ಮುಗಿದ ತಿಂಗಳೇ ಸ್ಟ್ರೋಕ್ ಹೊಡೆಯಿತು.

ಕಾಲು ಸುಧಾರಿಸಿತು. ಬಲಗೈ ಸೋತೇ ಉಳಿಯಿತು. ಬುದ್ಧಿ ಇದ್ದ ಹಾಗೇ ಇತ್ತು, ಆದರೆ ಹೇಳಬೇಕಾದ ಪದ ನಾಲಿಗೆಗೆ ಬರುತ್ತಿರಲಿಲ್ಲ. ಅದರ ಪಕ್ಕದ್ದು ಯಾವುದೋ ಬರುತ್ತಿತ್ತು. ಚಮಚ ಬೇಕಾದರೆ ‘ಸಾರು’ ಅನ್ನುತ್ತಿದ್ದ. ಕನ್ನಡಕಕ್ಕೆ ‘ಪೇಪರು’. ಅರುಣಾ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಚಿತ್ರದ ಕಾರ್ಡುಗಳನ್ನು ತಂದು ದಿನಾ ಪಾಠ ಹೇಳಿಸಿದಳು. ತಪ್ಪಿದಾಗಲೆಲ್ಲ ತಿದ್ದಿದಳು. ಒಂದು ದಿನ ಅವನು ಕಾರ್ಡುಗಳನ್ನೆಲ್ಲ ಬೋರಲು ಹಾಕಿ ಎದ್ದುಹೋದ. ಆಮೇಲೆ ಬಾಯಿ ಬಿಡುವುದೇ ಅಪರೂಪವಾಯಿತು. ಮನೆಯಲ್ಲಿ ಕುಕ್ಕರ್ ಸದ್ದು, ಟಿವಿ ಸದ್ದು, ಅಷ್ಟೇ.

ದಸರಾ ರಜೆ ಬಂದಾಗ ಅವಳೇ ಹೊರಡೋಣ ಅಂದಳು. ಅಂಗಳದಲ್ಲಿ ನಿಂತು ಮಳೆಗೆ ತುಕ್ಕು ಹಿಡಿದಿದ್ದ ವ್ಯಾನನ್ನು ತುಮಕೂರಿನ ಶೆಡ್ಡೊಂದಕ್ಕೆ ಕೊಟ್ಟು, ತಳದಿಂದ ಮೇಲಿನವರೆಗೂ, ಒಳಗೂ ಹೊರಗೂ ಬಣ್ಣ ಹೊಡೆಸಿದಳು.

ಈಗ ಹಿಂದಕ್ಕೆ ಹೋಗಿ ಸ್ವಿಚ್ ಹಾಕಿದರೆ ಫ್ಯಾನು ಎರಡು ಸುತ್ತು ಸುತ್ತಿ ನಿಂತಿತು. ಫ್ರಿಜ್ಜಿನಲ್ಲಿದ್ದ ಹಾಲಿನ ಪ್ಯಾಕೆಟ್ಟು ಬೆಚ್ಚಗಾಗಿತ್ತು. ಮುಂದೆ ತನ್ನದೇ ಬ್ಯಾಟರಿ ಇದ್ದ ಇಂಜಿನ್ನು ಮಾತ್ರ ಕೀ ತಿರುಗಿಸಿದರೆ ತಕ್ಷಣ ಸ್ಟಾರ್ಟ್ ಆಗುತ್ತಿತ್ತು.

ಮೈದುನ ನಾಗಭೂಷಣನಿಗೆ ಫೋನು ಹಚ್ಚಿದಳು.

“ಬ್ಯಾಟ್ರಿ ಹೋಗೈತೆ ಬುಡಿ ಅತ್ತಿಗೆ. ಅಷ್ಟು ದಿವ್ಸ ಸುಮ್ನೆ ನಿಂತಿತ್ತಲ್ಲ,” ಅಂದ ಅವನು. “ಅಣ್ಣಂಗೆ ಯಾಕೆ ಈ ಸೆಕೇಲಿ ತೊಂದ್ರೆ? ವಾಪಸ್ ಬಂದ್ಬುಡಿ.”

ಸ್ಪೀಕರಿನಲ್ಲಿ ಕೇಳಿಸಿಕೊಂಡ ಅಶ್ವಥ್ ಅಲ್ಲವೆಂದು ತಲೆ ಅಲ್ಲಾಡಿಸಿದ. ಎದ್ದು, ಮಂಚದ ಪಕ್ಕದ ಡ್ರಾಯರಿನಿಂದ ವೋಲ್ಟ್ ಅಳೆಯುವ ಮೀಟರನ್ನು ಎಡಗೈಯಲ್ಲಿ ತೆಗೆದು ಅವಳ ಮಡಿಲಿಗೆ ಹಾಕಿದ.

“ನಂಗೆ ಇದೆಲ್ಲ ಬರಲ್ಲ ರೀ,” ಅಂದಳು ಅರುಣಾ.

ಅವನು ಗುಂಡಿ ತಿರುಗಿಸಿ ಕೊಟ್ಟ. ಕೆಂಪು ಕಡ್ಡಿ ಎಲ್ಲಿ, ಕಪ್ಪು ಕಡ್ಡಿ ಎಲ್ಲಿ ಮುಟ್ಟಿಸಬೇಕು ಅಂತ ಬೆರಳಿಟ್ಟು ತೋರಿಸಿದ. ಹಿಂದಿನ ಬ್ಯಾಟರಿ ಹನ್ನೊಂದೂವರೆ ವೋಲ್ಟ್ ತೋರಿಸಿತು. ಇಂಜಿನ್ ಸ್ಟಾರ್ಟ್ ಮಾಡಿ ನೋಡು ಅಂತ ಸನ್ನೆ ಮಾಡಿದ. ಮಾಡಿದಳು. ಮುಂದಿನ ಬ್ಯಾಟರಿ ಹದಿನಾಲ್ಕಕ್ಕೆ ಏರಿತು, ಹಿಂದಿನದು ಅಲುಗಾಡಲಿಲ್ಲ.

“ಅಂದ್ರೆ ಬ್ಯಾಟ್ರಿ ಕೆಟ್ಟಿಲ್ಲ, ಅದುಕ್ಕೆ ಚಾರ್ಜೇ ಬರ್ತಿಲ್ಲ. ಅಲ್ವಾ?”

ಅವನ ಕಣ್ಣು ಹೌದು ಅಂದಿತು.

ಇಬ್ಬರೂ ವೈರಿನ ಜಾಡು ಹಿಡಿದು ಹೊರಟರು. ಮುಂದಿನ ಬ್ಯಾಟರಿಯ ಪಕ್ಕದ ದಪ್ಪ ಫ್ಯೂಸು ಸರಿಯಾಗಿತ್ತು. ವೈರು ನೆಲದ ಮ್ಯಾಟಿನ ಅಡಿಯಲ್ಲಿ ಓಡಿ, ಡ್ರೈವರ್ ಸೀಟಿನ ಹಿಂದೆ ಬೆಂಕಿಪೊಟ್ಟಣದ ಗಾತ್ರದ ಕಪ್ಪು ಡಬ್ಬಿಯೊಳಗೆ ಹೋಗುತ್ತಿತ್ತು. ಇಂಜಿನ್ ಓಡುವಾಗ ಮುಂದಿನ ಬ್ಯಾಟರಿಯನ್ನೂ ಹಿಂದಿನದನ್ನೂ ಜೋಡಿಸುವ ರಿಲೇ ಅದು. ಡಬ್ಬಿಯ ಈ ಕಡೆ ಹದಿನಾಲ್ಕು, ಆ ಕಡೆ ಹನ್ನೊಂದೂವರೆ.

“ಈ ಡಬ್ಬೀನೇ ಹೋಗೈತೆ. ಪೇಟೇಲಿ ಸಿಗುತ್ತಾ?”

ಅಶ್ವಥ್ ಬೇಡವೆಂದು ಕೈ ಆಡಿಸಿದ. ತುಟಿ ಎರಡು ಸಲ ತೆರೆದು ಮುಚ್ಚಿಕೊಂಡಿತು. ಆಮೇಲೆ, ಎಷ್ಟೋ ದಿನಗಳ ನಂತರ, ಸ್ಪಷ್ಟವಾಗಿ ಅಂದ: “ಮಣ್ಣು.”

ಅವಳು ಮ್ಯಾಟು ಎತ್ತಿ ಧೂಳು ಗುಡಿಸಿದಳು.

“ಮಣ್ಣು,” ಅಂದ ಮತ್ತೆ, ಎದೆ ತಟ್ಟಿಕೊಂಡು. “ಮಣ್ಣು, ಅರುಣಾ.”

ಅರುಣಾ ಗುಡಿಸುವುದು ನಿಲ್ಲಿಸಿದಳು. ಊರಲ್ಲಿ ಯಾರಾದರೂ ತೀರಿಕೊಂಡರೆ ಮಣ್ಣಿಗೆ ಹೋಗಿಬಂದೆವು ಅನ್ನುವುದೇ ವಾಡಿಕೆ. ಇಷ್ಟು ದಿನ ಮಾತಿಲ್ಲದೆ ಕೂತವನು ಒಳಗೊಳಗೇ ಯೋಚಿಸುತ್ತಿದ್ದದ್ದು ಇದನ್ನೇ?

“ಹಂಗೆಲ್ಲ ಅನ್ಬೇಡಿ. ನಿಮಗೇನೂ ಆಗಲ್ಲ,” ಅಂದಳು.

ಅವನು ಸಿಟ್ಟಿನಿಂದ ತೊಡೆ ಬಡಿದುಕೊಂಡ. ಅವಳು ಇಂಜಿನ್ ಆರಿಸಿ, ಕೆಳಗಿಳಿದು, ಮರಕ್ಕೆ ಒರಗಿ ಕೆರೆಯ ಕಡೆ ನೋಡುತ್ತ ನಿಂತಳು. ನಾಗಭೂಷಣ ಹೇಳಿದ್ದೇ ಸರಿ, ಬರಬಾರದಿತ್ತು ಅನ್ನಿಸಿತು. ನೀರಿನ ಅಂಚಿನಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವಳಿಗೇ ನಾಚಿಕೆಯಾಗಿ, ಮನೆಯಿಂದ ಕಟ್ಟಿ ತಂದಿದ್ದ ಉಪ್ಪಿಟ್ಟು ತಟ್ಟೆಗೆ ಹಾಕಿಕೊಂಡು ಒಳಗೆ ಹೋದಳು.

ಅವನು ತಟ್ಟೆ ಪಕ್ಕಕ್ಕೆ ಸರಿಸಿದ. “ಮಣ್ಣು... ಉಪ್ಪು.”

“ಡಾಕ್ಟ್ರು ಉಪ್ಪು ಕಮ್ಮಿ ಮಾಡಿ ಅಂದವ್ರೆ ರೀ.”

“ಉಪ್ಪು,” ಅಂದ. ಎಡಗೈಯನ್ನು ಬಗ್ಗಿಸಿ ಏನನ್ನೋ ಸುರಿಯುವ ಹಾಗೆ ಮಾಡಿದ. “ನೀರು. ಇದ್ದಿಲು.”

ಇದ್ದಿಲು ಅಂದಾಗ ಅರುಣಾ ತಿದ್ದಲು ಹೊರಟವಳು ತಡೆದುಕೊಂಡಳು. ಉಪ್ಪು, ಇದ್ದಿಲು, ನೀರು, ಮಣ್ಣು. ಗುಬ್ಬಿಯ ಮನೆ ಕಟ್ಟುವಾಗ ಹಿತ್ತಿಲಿನಲ್ಲಿ ಇವನು ಗುಂಡಿ ತೋಡಿಸಿ, ಕಬ್ಬಿಣದ ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿಸಿದ್ದ. ಪ್ರತಿ ಬೇಸಿಗೆಯಲ್ಲೂ ಅದಕ್ಕೆ ನೀರು ಹೊಯ್ಯುವುದು ಅವಳದೇ ಕೆಲಸ.

“ಅರ್ಥ್!” ಅಂದಳು. “ಕರೆಂಟಿನ ಅರ್ಥಿಂಗು. ಅದುನ್ನ ಹೇಳ್ತಿದೀರಾ?”

ಅಶ್ವಥ್ ಕಣ್ಣು ಮುಚ್ಚಿ ಉದ್ದಕ್ಕೆ ಉಸಿರು ಬಿಟ್ಟ.

ಡಬ್ಬಿಯಿಂದ ತೆಳ್ಳನೆಯ ಕಪ್ಪು ವೈರೊಂದು ಹೊರಟು ಗಾಡಿಯ ಮೈಗೆ ಬೋಲ್ಟಿನಲ್ಲಿ ಬಿಗಿದಿತ್ತು. ಅದೇ ಅದರ ಅರ್ಥ್. ಆ ವೈರು ಕಬ್ಬಿಣಕ್ಕೆ ಸರಿಯಾಗಿ ಅಂಟದಿದ್ದರೆ ರಿಲೇ ಕೆಲಸ ಮಾಡುವುದಿಲ್ಲ. ಟಾರ್ಚು ಬಿಟ್ಟು ನೋಡಿದಳು. ಶೆಡ್ಡಿನವರು ಬೋಲ್ಟು ಬಿಚ್ಚಿ, ಬಣ್ಣ ಹೊಡೆದು, ಬಣ್ಣದ ಮೇಲೆಯೇ ತಿರುಗಿ ಬಿಗಿದಿದ್ದರು. ಗಂಡನಿಗೆ ಖುಷಿಯಾಗಲೆಂದು ಅವಳೇ ಆರಿಸಿದ್ದ ತಿಳಿನೀಲಿ ಬಣ್ಣ.

ಅವನು ಸ್ಪ್ಯಾನರು ಕೊಟ್ಟ. ಅವಳು ಬೋಲ್ಟು ಬಿಚ್ಚಿ, ಹಳೆಯ ಚಾಕುವಿನಿಂದ ಬಣ್ಣ ಕೆರೆದಳು. ಕೈ ನೋಯುವವರೆಗೂ ಕೆರೆದಳು. ಕಬ್ಬಿಣ ಬೆಳ್ಳಗೆ ಹೊಳೆದ ಮೇಲೆ ಬೆರಳಾಡಿಸಿ ನೋಡಿದ ಅಶ್ವಥ್, ಸಾಕು ಅಂತ ಗೋಣು ಹಾಕಿದ. ವೈರು ಬಿಗಿದು ಇಂಜಿನ್ ಸ್ಟಾರ್ಟ್ ಮಾಡಿದಳು. ಸೀಟಿನ ಹಿಂದೆ ‘ಟಕ್’ ಎಂದಿತು. ಮೀಟರಿನ ಅಂಕಿ ಹನ್ನೆರಡೂವರೆಗೆ ಹಾರಿ, ಅಲ್ಲಿಂದ ನಿಧಾನವಾಗಿ ಏರತೊಡಗಿತು. ಫ್ಯಾನು ಗಿರಗಿರನೆ ತಿರುಗಿತು.

ಅರುಣಾ ನೆಲದ ಮೇಲೆಯೇ ಕೂತುಬಿಟ್ಟಳು.

“ಎಷ್ಟು ಹೆದರಿಸ್ಬುಟ್ರಿ ನನ್ನ. ಮಣ್ಣು ಅಂದ್ರೆ ನಾನು ಏನ್ ಅನ್ಕೊಂಡೆ ಗೊತ್ತಾ?”

ಅವಳು ಹೇಳಿದ್ದು ಅರ್ಥವಾಗಲು ಅವನಿಗೆ ತುಸು ಹೊತ್ತು ಹಿಡಿಯಿತು. ಆಮೇಲೆ ನಗು ಬಂತು. ಹೊಟ್ಟೆ ಕುಲುಕಿಸಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಕಾಯಿಲೆ ಬಿದ್ದ ಮೇಲೆ ಅವಳು ಆ ನಗು ಕೇಳಿರಲಿಲ್ಲ.

ಸಂಜೆ ಬಿಸಿಲು ಇಳಿದ ಮೇಲೆ ಇಬ್ಬರೂ ಏರಿಯ ಮೇಲೆ ನಡೆದರು. ನೀರಿನಾಚೆ ಒಂದು ದೊಡ್ಡ ಹಕ್ಕಿ ರೆಕ್ಕೆ ಬಿಚ್ಚಿ ಕೂತಿತ್ತು. ಅಶ್ವಥ್ ಅದರ ಕಡೆ ಕೈ ತೋರಿಸಿ, “ಛತ್ರಿ,” ಅಂದ. ಅಲ್ಲ ಅನ್ನುವುದು ಅವನಿಗೇ ಗೊತ್ತಾಗಿ ಸುಮ್ಮನಾದ.

“ಇರ್ಲಿ, ಇನ್ನೊಂದು ಹೇಳಿ,” ಅಂದಳು ಅರುಣಾ.

ಅವನು ಇನ್ನೊಂದು ಹೇಳಿದ. ಅದೂ ಹೊಂದಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ತಾನಾಗಿಯೇ ಮತ್ತೊಂದು ಹೇಳಿದ. ಹಕ್ಕಿ ಹಾರಿಹೋದ ಮೇಲೂ ಅವನು ಮಾತಾಡುತ್ತಲೇ ಇದ್ದ.