ಹಸಿರು ಕಾರಿನ ಗಾಳಿಕಿಂಡಿ

ಒಂದೂರಿನಲ್ಲಿ ಒಬ್ಬ ಕ್ಷೌರಿಕನಿದ್ದ. ಅವನ ಅಂಗಡಿಗೆ ನಾಲ್ಕು ಚಕ್ರಗಳಿದ್ದವು, ಹಸಿರು ಬಣ್ಣವಿತ್ತು, ತಳ್ಳಿದರೆ ಮಾತ್ರ ಎಚ್ಚರಾಗುವ ಇಂಜಿನ್ನೂ ಇತ್ತು. ಅಜ್ಜಿಯಾಗಿದ್ದರೆ ಇಷ್ಟು ಹೇಳಿ, ನಾನು 'ಹೂಂ' ಅನ್ನುವವರೆಗೆ ಕಾಯುತ್ತಿದ್ದಳು. ಹೂಂಗುಟ್ಟದಿದ್ದರೆ ಅವಳ ಕತೆ ಮುಂದೆ ಹೋಗುತ್ತಿರಲಿಲ್ಲ.

ಆ ಕ್ಷೌರಿಕ ನನ್ನ ಅಪ್ಪ. ಹೋದ ತಿಂಗಳು ತೀರಿಕೊಂಡ. ನನಗಿನ್ನೂ ಅಳು ಬಂದಿಲ್ಲ.

ರಸ್ತೆ ಅಗಲ ಮಾಡುವಾಗ ಅಪ್ಪನ ಅಂಗಡಿ ಹೋಯಿತು. ಆಮೇಲೆ ಅವನು ತನ್ನ ಹಳೇ ಕಾರನ್ನೇ ಅಂಗಡಿ ಮಾಡಿಕೊಂಡ. ದೂರ ನಡೆಯಲಾಗದ ಮುದುಕರ ಮನೆಬಾಗಿಲಿಗೆ ಹೋಗಿ, ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಬಾಗಿಲು ತೆರೆದಿಟ್ಟು ಕೂದಲು ಕತ್ತರಿಸುತ್ತಿದ್ದ. ಬಟ್ಟೆ ಕೊಡವಿದಾಗ ಹಾರಿದ ತುಣುಕುಗಳೆಲ್ಲ ಡ್ಯಾಶ್‌ಬೋರ್ಡಿನ ಗಾಳಿಕಿಂಡಿಗಳನ್ನು ಸೇರುತ್ತಿದ್ದವು. ಫ್ಯಾನ್ ಹಾಕಿದರೆ ಎದುರು ಕೂತವರ ಮುಖಕ್ಕೆ. ಅಮ್ಮನಿಗಂತೂ ಮೊದಲು ಸೀನು, ಆಮೇಲೆ ಉಬ್ಬಸ.

"ಭಾನುವಾರ ಕ್ಲೀನ್ ಮಾಡ್ತೀನಿ ಕಣೇ" ಅನ್ನುತ್ತಿದ್ದ ಅಪ್ಪ. ಮಾಡಿಯೂ ಮಾಡುತ್ತಿದ್ದ, ಅಂಗಡಿಯ ಹೇರ್ ಡ್ರೈಯರ್ ಹಿಡಿದು. ಕಿಂಡಿಗಳೆಲ್ಲ ಫಳಫಳ. ಅಮ್ಮ ಕೂತರೆ ಮತ್ತೆ ಸೀನು. ಕೊನೆಗೆ ಅವಳು ಕಾರು ಹತ್ತುವುದನ್ನೇ ಬಿಟ್ಟಳು. ಒಂದೇ ಮದುವೆಗೆ ಅಪ್ಪ ಕಾರಿನಲ್ಲಿ, ಅಮ್ಮ ಬಸ್ಸಿನಲ್ಲಿ.

ಈಗ ಹಳೇ ಕಾರುಗಳನ್ನು ಕೂಡಿಡುವ ಒಬ್ಬರು ನಾಳೆ ಬಂದು ಒಯ್ಯುತ್ತಾರಂತೆ. ಅಮ್ಮನ ತಮ್ಮ, ನನ್ನ ಮಾವ, ಮಾತು ಮುಗಿಸಿ ಬಂದಿದ್ದ.

"ಇಟ್ಕೊಂಡು ಏನ್ ಮಾಡ್ತೀಯಕ್ಕ? ಕೂರೋಕೆ ಆಗಲ್ಲ, ಪೂಜೆ ಮಾಡ್ತೀಯಾ?"

"ಕೂರೋ ಹಾಗಿದ್ರೆ ಕೊಡ್ತಿರ್ಲಿಲ್ಲ" ಅಂದಳು ಅಮ್ಮ, ಪಾತ್ರೆಯಿಂದ ತಲೆಯೆತ್ತದೆ.

"ಸಂಜೆಯೊಳಗೆ ನಾನು ಕ್ಲೀನ್ ಮಾಡ್ತೀನಿ" ಅಂದೆ.

"ಥೇಟ್ ನಿಮ್ಮಪ್ಪನ ಬಾಯಿ ನಿಂದು" ಅಂದಳು ಅಮ್ಮ.

ಕಾರಿನಲ್ಲಿ ಕೂತು, ಸ್ಕ್ರೂಡ್ರೈವರ್ ತುದಿಗೆ ಬಟ್ಟೆ ಸುತ್ತಿ ಗುಂಡನೆಯ ಕಿಂಡಿಯನ್ನು ಮೆಲ್ಲಗೆ ಮೀಟಿದೆ. ಕಳಚಿ ಕೈಗೆ ಬಂತು. ಅದರಲ್ಲಿ ಏನೂ ಇರಲಿಲ್ಲ. ಟಾರ್ಚ್ ಹಾಕಿ ಹಿಂದಿನ ಪೈಪಿನೊಳಗೆ ನೋಡಿದೆ. ಅದು ಬಾಗುವ ಜಾಗದಲ್ಲಿ ಹಕ್ಕಿಗೂಡಿನಂಥ ಕೂದಲ ಮುದ್ದೆ. ಭಾನುವಾರ ಭಾನುವಾರ ಊದಿ ಊದಿ ಅಪ್ಪನೇ ಅದನ್ನು ಅಲ್ಲಿಗೆ ತಳ್ಳಿದ್ದ. ಗಾಳಿ ಅಂದರೆ ಅವನಿಗೆ ಗೊತ್ತಿದ್ದದ್ದು ಊದುವ ಡ್ರೈಯರ್ ಒಂದೇ.

ಮಾವ ಇಣುಕಿದ. "ಅಯ್ಯಪ್ಪಾ! ಇಷ್ಟು ಕೂದಲು ನನ್ನ ತಲೇಲಿದ್ದಿದ್ರೆ ಇನ್ನೊಂದು ಮದುವೆ ಆಗ್ತಿದ್ದೆ."

"ಅತ್ತೆಗೆ ಹೇಳ್ಲಾ ಮಾವ?"

"ಹೇಳು. ಹೆಣ್ಣೂ ಅವಳೇ ಹುಡುಕಿಕೊಡ್ತಾಳೆ, ಪೀಡೆ ತೊಲಗಲಿ ಅಂತ."

ನಗು ಬರಬೇಕಿತ್ತು. ತುಟಿಯನ್ನಷ್ಟೇ ಅಗಲ ಮಾಡಿದೆ.

ತಂತಿಯ ತುದಿ ಬಗ್ಗಿಸಿ ಕೊಕ್ಕೆ ಮಾಡಿ ಎಳೆದೆ. ಬಿಳಿ ಕೂದಲು, ಬಣ್ಣ ಹಚ್ಚಿದ ಕಪ್ಪು ಕೂದಲು, ಧೂಳು, ಒಣಗಿದ ಎಲೆಯ ಚೂರು. ಅಜ್ಜಿಯ ಕತೆಗಳಲ್ಲಿ ಒಂದೇ ಒಂದು ಕೂದಲು ಸಿಕ್ಕರೂ ರಾಜಕುಮಾರ ಕುದುರೆಯೇರಿ ಅದರ ಒಡತಿಯನ್ನು ಹುಡುಕಲು ಹೊರಡುತ್ತಾನೆ. ನನ್ನ ಪಕ್ಕದಲ್ಲಿ ಅರ್ಧ ಬಕೆಟ್ ಕೂದಲಿತ್ತು. ಎಲ್ಲಿಗೂ ಹೊರಡಬೇಕೆನಿಸಲಿಲ್ಲ. ಕೈ ಎಳೆಯುತ್ತಿತ್ತು, ನಾನು ಪಕ್ಕದಲ್ಲಿ ಕೂತು ನೋಡುತ್ತಿರುವ ಹಾಗಿತ್ತು.

ಕೊಕ್ಕೆಗೆ ಸಿಗದ್ದನ್ನು ತೆಗೆಯಲು ಕಾರಿನ ಫ್ಯಾನ್ ಹಾಕಿ, ಪೈಪಿನ ಬಾಯಿಗೆ ವ್ಯಾಕ್ಯೂಮ್ ಕ್ಲೀನರ್ ಹಿಡಿದೆ. ಒಳಗಿನಿಂದ ಅದು ತಳ್ಳಿತು, ಹೊರಗಿನಿಂದ ಇದು ಎಳೆಯಿತು. ಕಿಂಡಿಗಳನ್ನು ಸೋಪಿನ ನೀರಿನಲ್ಲಿ ತೊಳೆದು ಒರೆಸಿ, ಒಂದೊಂದಾಗಿ ಜೋಡಿಸತೊಡಗಿದೆ. ಅಷ್ಟರಲ್ಲಿ ಅಮ್ಮ ಬಂದು, ಕೇಳದೆ ಮುಂದಿನ ಸೀಟಿನಲ್ಲಿ ಕೂತಳು. ಸೆರಗನ್ನು ಮೂಗಿನ ಹತ್ತಿರ ಸಿದ್ಧವಾಗಿ ಹಿಡಿದಿದ್ದಳು.

"ಹಾಕು."

ಹಾಕಿದೆ. ಗಾಳಿಗೆ ಅವಳ ಮುಂಗುರುಳು ಹಾರಿತು. ಮಾವ ಕಿಟಕಿಯಲ್ಲಿ ಬಗ್ಗಿ ಕಾದ.

"ಜೋರು ಮಾಡೇ."

"ಇದೇ ಜೋರಮ್ಮ."

ಅವಳು ಮುಂದೆ ಬಾಗಿ ಮುಖವನ್ನು ಕಿಂಡಿಗೇ ಒಡ್ಡಿದಳು. ಬೇಕೆಂದೇ ಉಸಿರೆಳೆದಳು, ಮತ್ತೊಮ್ಮೆ ಎಳೆದಳು. ಎದೆಯಲ್ಲಿ ಸಿಳ್ಳೆ ಏಳಲಿಲ್ಲ.

"ಸೀನು ಬರ್ಲೇ ಇಲ್ಲ ಕಣೇ" ಅಂದಳು, ಬರುತ್ತೇನೆಂದವರು ಯಾರೋ ಕೈಕೊಟ್ಟ ಹಾಗೆ. ಸೆರಗು ಕೆಳಗಿಳಿಯಿತು. ಮಾವನ ಕಡೆ ತಿರುಗಿದಳು. "ಅವರಿಗೆ ಫೋನ್ ಮಾಡೋ. ಕೊಡಲ್ಲ ಅನ್ನು."

"ಅಕ್ಕಾ, ನಾನು ಮಾತು ಕೊಟ್ಟಾಗಿದೆ!"

"ನೀನು ಕೊಟ್ಟಿದ್ದು ಮಾತು ತಾನೇ? ಕಾರು ಇನ್ನೂ ಇಲ್ಲೇ ಇದೆ."

ಮಾವ ಗೊಣಗುತ್ತ ಫೋನ್ ತರಲು ಒಳಗೆ ಹೋದ. ಅಮ್ಮ ಕಣ್ಣು ಮುಚ್ಚಿ ಗಾಳಿಗೆ ಮುಖವೊಡ್ಡಿ ಕೂತೇ ಇದ್ದಳು. ಎಡತುದಿಯ ಕಿಂಡಿ ನನ್ನ ಮಡಿಲಲ್ಲೇ ಉಳಿದಿತ್ತು. ಅದನ್ನು ಜಾಗದಲ್ಲಿಟ್ಟು ಅಂಗೈಯಿಂದ ಒತ್ತಿದೆ. ಟಕ್ಕೆಂದು ಕೂತಿತು.