ಕಪ್ಪು ನೀರಿನ ಮೂಲ

ನಮ್ಮ ವಂಶದಲ್ಲಿ ಯಾರಿಗೂ ತಲೆ ನರೆಯುವುದಿಲ್ಲ ಎಂದು ನಾನು ಹದಿನೈದು ವರ್ಷದಿಂದ ಹೇಳಿಕೊಂಡು ಬಂದಿದ್ದೆ. ಸ್ಟಾಫ್ ರೂಮಿನಲ್ಲಿ ಹೇಳಿದ್ದೆ, ಮದುವೆ ಮನೆಗಳಲ್ಲಿ ಹೇಳಿದ್ದೆ, ಒಮ್ಮೆ ಹತ್ತನೇ ತರಗತಿಗೆ ಅನುವಂಶೀಯತೆಯ ಪಾಠ ಮಾಡುವಾಗ ಉದಾಹರಣೆಯಾಗಿಯೇ ಹೇಳಿಬಿಟ್ಟಿದ್ದೆ. ನಿಜ ಗೊತ್ತಿದ್ದದ್ದು ನನ್ನ ಹೆಂಡತಿ ನಾಗವೇಣಿಗೆ ಮಾತ್ರ. ತಿಂಗಳಿಗೆರಡು ಭಾನುವಾರ ಬಚ್ಚಲ ಬಾಗಿಲು ಹಾಕಿಕೊಂಡು, ಕಪ್ಪು ಪುಡಿಯನ್ನು ಬಟ್ಟಲಲ್ಲಿ ಕಲಸಿ, ಸವೆದ ಹಲ್ಲುಜ್ಜುವ ಬ್ರಷ್ಷಿನಿಂದ ತಲೆಗೆ ಮೆತ್ತಿಕೊಳ್ಳುತ್ತಿದ್ದೆ. ನನ್ನ ಹೆಸರು ಉಚ್ಚಂಗೆಪ್ಪ, ವಯಸ್ಸು ಐವತ್ತಾರು, ಆಂಧ್ರಕ್ಕೆ ಸೇರಿದ ರಾಯದುರ್ಗದ ಒಂದು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ವಿಜ್ಞಾನ ಮೇಷ್ಟ್ರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮಕ್ಕಳು ಹೇಳುತ್ತಾರಂತೆ. ಅದೇನೂ ಸುಳ್ಳಲ್ಲ.

ಈ ವರ್ಷ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ‘ಪರಿಸರ ಮತ್ತು ಮನುಷ್ಯ’ ಎಂಬ ವಿಷಯ ಬಂತು. ಪ್ರತಿ ಸಲ ಯಾರಾದರೂ ಥರ್ಮಾಕೋಲಿನಲ್ಲಿ ಹಸಿರು ಗುಡ್ಡ ಮಾಡಿ, ಅದರ ಮೇಲೆ ಹತ್ತಿಯ ಮೋಡ ಅಂಟಿಸಿ ಬಹುಮಾನ ಹೊಡೆಯುತ್ತಾರೆ. ಥರ್ಮಾಕೋಲಿನಿಂದ ಪರಿಸರ ಉಳಿಸುವ ಈ ಬುದ್ಧಿವಂತಿಕೆ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಈ ಸಲ ನಿಜವಾದ ಕೆಲಸ ಆಗಬೇಕು ಎಂದುಕೊಂಡು ಒಂಬತ್ತನೇ ತರಗತಿಯ ಹನ್ನೆರಡು ಮಕ್ಕಳನ್ನು ಆರಿಸಿ ಒಂದು ನಿಯಮ ಹೇಳಿಕೊಟ್ಟೆ. ಬಣ್ಣದ ನೀರು ಕಂಡರೆ ಕೂಗಬಾರದು, ಯಾರನ್ನೂ ಕೇಳಬಾರದು. ಒಂದು ಬಾಟಲಿಯಲ್ಲಿ ಆ ನೀರು ಹಿಡಿದುಕೊಂಡು, ಅದು ಬಂದ ದಿಕ್ಕಿಗೆ ಸುಮ್ಮನೆ ನಡೆಯಬೇಕು. ಮೂಲ ಸಿಗುವವರೆಗೆ ನಿಲ್ಲಬಾರದು. ಸಿಕ್ಕ ಮೇಲೆ ಹೆಸರು ಬರೆದುಕೊಳ್ಳಬೇಕು.

ಮೊದಲ ದಿನವೇ ಮೂಲ ಸಿಕ್ಕಿತು. ಬಸ್ ಸ್ಟ್ಯಾಂಡಿನ ಹಿಂದಿನ ಚರಂಡಿಯಲ್ಲಿ ನೀಲಿ ನೀರು ಹರಿಯುವುದು ನಮ್ಮೂರಲ್ಲಿ ಯಾರಿಗೂ ಹೊಸದಲ್ಲ. ಮಕ್ಕಳು ಅದರ ಪಕ್ಕದಲ್ಲೇ ನಡೆದು ಬಾಲರಾಜುವಿನ ಶೆಡ್ಡಿನ ಮುಂದೆ ನಿಂತರು. ಹೊಸ ಜೀನ್ಸ್ ತೊಳೆದು ಬಣ್ಣ ಇಳಿಸುವ ಶೆಡ್ಡು ಅದು. ಬಾಲರಾಜು ಒಂದು ಕಾಲದಲ್ಲಿ ನನ್ನ ಶಿಷ್ಯನೇ. ಅವನ ಮಗಳು ಗಂಗೋತ್ರಿ ಆ ಹನ್ನೆರಡು ಮಕ್ಕಳಲ್ಲಿ ಒಬ್ಬಳು. ಅಪ್ಪನ ಶೆಡ್ಡಿನ ಮುಂದೆ ಅವಳೂ ಬಾಟಲಿ ಹಿಡಿದು ನಿಂತಿದ್ದಳು.

ನಾನು ಚಾರ್ಟಿನ ಮೇಲೆ ‘ನೀಲಿ ನೀರು. ಮೂಲ: ಬಾಲರಾಜು’ ಎಂದು ಕೆಂಪು ಅಕ್ಷರದಲ್ಲಿ, ಗೇಣುದ್ದ ಬರೆದು ಗೋಡೆಗೆ ತೂಗುಹಾಕಿದೆ. ಎರಡೇ ದಿನದಲ್ಲಿ ಮಕ್ಕಳು ಗಂಗೋತ್ರಿಯನ್ನು ನೀಲಮ್ಮ ಎಂದು ಕರೆಯತೊಡಗಿದರು. ಅವಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದು, ಅಪ್ಪನ ಹೆಸರು ತೆಗೆದು ಬರೀ ಶೆಡ್ಡು ಎಂದು ಬರೆದರೆ ಆಗುವುದಿಲ್ಲವೇ ಎಂದು ಕೇಳಿದಳು. ವಿಜ್ಞಾನಕ್ಕೆ ದಾಕ್ಷಿಣ್ಯ ಇಲ್ಲಮ್ಮ, ಶೆಡ್ಡು ತಾನಾಗಿ ನೀರು ಬಿಡುತ್ತದೆಯೇ ಎಂದೆ. ನನ್ನ ಮಾತು ನನಗೇ ಬಹಳ ಹಿಡಿಸಿತು. ಆಮೇಲೆ ಅವಳು ಹಿಂದಿನ ಬೆಂಚಿಗೆ ಹೋದಳು, ಊಟಕ್ಕೂ ಒಬ್ಬಳೇ ಕೂರತೊಡಗಿದಳು. ಹುಡುಗಿಗೆ ಮೊಂಡುತನ ಎಂದುಕೊಂಡೆ.

ನೀರಿನ ಕಥೆ ಆಯಿತು, ಇನ್ನು ಗಾಳಿಯದು ಬೇಕಿತ್ತು. ಸಮಾಜ ಪಾಠದ ಶ್ರೀಲತಾ ಮೇಡಂ ಮಡಕಶಿರದ ಕಡೆಯವರು. ಅಗಳಿ ಹತ್ತಿರದ ಹಳ್ಳಿಯಲ್ಲಿ ಅವರ ತಾಯಿ ಪಾಪಕ್ಕ ರೇಷ್ಮೆ ಹುಳು ಸಾಕುತ್ತಾರೆ. ಗಾಳಿ ಕೆಟ್ಟಿದೆಯೋ ಇಲ್ಲವೋ ಎಂದು ಹೇಳುವುದಕ್ಕೆ ರೇಷ್ಮೆ ಹುಳುವಿಗಿಂತ ಒಳ್ಳೆಯ ಯಂತ್ರ ಇಲ್ಲ, ಬಂದು ನೋಡಿ ಎಂದರು ಮೇಡಂ. ಸರಿ, ಒಂದು ಟೆಂಪೋ ಮಾತಾಡಿದೆವು. ಅಲ್ಲಿ ಪ್ರದರ್ಶನಕ್ಕೆ ಫೋಟೋ ತೆಗೆಯುವುದಿತ್ತು. ಫೋಟೋ ಎಂದಮೇಲೆ ತಲೆ ಕಪ್ಪಗಿರಬೇಡವೇ? ಹೊರಡುವ ದಿನ ಬೆಳಿಗ್ಗೆ ಎದ್ದು ಪುಡಿ ಕಲಸಿ ಮೆತ್ತಿಕೊಂಡೆ. ತೊಳೆಯೋಣವೆಂದರೆ ನಾಲ್ಕು ದಿನದಿಂದ ನಳ ಬಂದಿರಲಿಲ್ಲ. ಒಂದು ಚೊಂಬು ನೀರಿನಲ್ಲಿ ತೊಳೆದ ಶಾಸ್ತ್ರ ಮಾಡಿ, ಬಣ್ಣದ ವಾಸನೆ ಮುಚ್ಚಲು ಮೇಲೆ ಅಂಗೈ ತುಂಬ ಮಲ್ಲಿಗೆ ಎಣ್ಣೆ ಹಚ್ಚಿಕೊಂಡೆ.

ಮೂರು ಗಂಟೆಗೂ ಮೀರಿದ ದಾರಿ. ನಾವು ಇಳಿದಾಗ ಪಾಪಕ್ಕ ಹುಳುವಿನ ಮನೆಯ ಬಾಗಿಲಿಗೆ ಅಡ್ಡ ನಿಂತಿದ್ದರು. ಬಂದಿರಾ, ಕೂತ್ಕೊಳ್ಳಿ ಎನ್ನುವುದಕ್ಕೂ ಮೊದಲು ಯಾರೂ ಒಳಗೆ ಕಾಲಿಡಬೇಡಿ ಎಂದರು. ಹುಳುಗಳು ನಾಲ್ಕನೇ ಜ್ವರ, ಅಂದರೆ ಕಡೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ರಾತ್ರಿ ಹಗಲು ಸೊಪ್ಪು ತಿನ್ನುತ್ತಿವೆ, ಇನ್ನು ಐದಾರು ದಿನದಲ್ಲಿ ಗೂಡು ಕಟ್ಟುತ್ತವೆ, ಈಗ ಸೆಂಟು, ಹೊಗೆ, ಬೀಡಿ ಏನು ತಾಕಿದರೂ ಬಾಯಿ ಮುಚ್ಚಿಬಿಡುತ್ತವೆ ಎಂದು ವಿವರಿಸಿದರು. ಆಮೇಲೆ ಬಾಗಿಲಲ್ಲೇ ನಿಂತು ನಮ್ಮನ್ನು ಒಬ್ಬೊಬ್ಬರನ್ನಾಗಿ ಮೂಸತೊಡಗಿದರು.

ಪೌಡರು ಬಳಿದುಕೊಂಡಿದ್ದ ಐದು ಹುಡುಗಿಯರಿಗೆ ಮುಖ ತೊಳೆಯುವ ಶಿಕ್ಷೆ ಆಯಿತು. ಅಣ್ಣನ ಸೆಂಟು ಕದ್ದು ಹಾಕಿಕೊಂಡು ಬಂದಿದ್ದ ಗೋಪಿಯ ಅಂಗಿಯನ್ನೇ ಬಿಚ್ಚಿಸಿ ಬೇಲಿಗೆ ಹಾಕಿದರು. ಹೆತ್ತ ಮಗಳೆಂದೂ ನೋಡದೆ ಶ್ರೀಲತಾ ಮೇಡಂ ಮುಡಿದ ಹೂವು ಕಿತ್ತರು. ನೋಡಿ, ಒಂದು ಸಣ್ಣ ಜೀವಿಯ ಮೇಲೆ ಮನುಷ್ಯನ ಪ್ರಭಾವ ಎಷ್ಟು ಎಂದು ನಾನು ಮಕ್ಕಳಿಗೆ ಪಾಠ ಶುರು ಮಾಡಿದೆ. ಅಷ್ಟರಲ್ಲಿ ನನ್ನ ಸರದಿ ಬಂತು. ಪಾಪಕ್ಕ ಒಂದು ಮಾರು ದೂರದಲ್ಲೇ ಮೂಗು ಮುಚ್ಚಿಕೊಂಡರು.

“ಮೇಷ್ಟ್ರೇ, ನಿಮ್ ತಲೆ ಒಳೀಕ್ ಬಂದ್ರೆ ನನ್ ಹುಳ ಒಂದೂ ಉಳಿಯಾಕಿಲ್ಲ. ಬೋರ್ ತಾವ ಹೋಗಿ ತೊಳ್ಕಂಬನ್ನಿ.”

ತೊಳೆಯದೆ ಇರಬಹುದಿತ್ತು. ಹೊರಗೇ ನಿಂತು, ಮಕ್ಕಳೇ ನೀವು ನೋಡಿಕೊಂಡು ಬನ್ನಿ ಎಂದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಮಕ್ಕಳೆದುರು ಒಬ್ಬ ಹೆಂಗಸು ತಲೆ ನಾರುತ್ತದೆ ಎಂದಮೇಲೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ತೋಟದ ಮೇಲಿನ ತುದಿಯಲ್ಲಿದ್ದ ಬೋರಿನ ತೊಟ್ಟಿಯ ಹತ್ತಿರ ಹೋಗಿ, ಪೈಪಿನ ಕೆಳಗೆ ಎರಡು ನಿಮಿಷ ತಲೆ ಹಿಡಿದು ಬಂದೆ. ಪಾಪಕ್ಕ ಮೂಸಿ, ಇನ್ನೂ ಐತೆ ಎಂದರು. ಈ ಸಲ ಒಂದು ಬೊಗಸೆ ಸೀಗೆಪುಡಿ ಕೊಟ್ಟು ಕಳಿಸಿದರು.

ಸಿಟ್ಟಿನಿಂದ ತಿಕ್ಕಿದೆ. ಹದಿನೈದು ವರ್ಷದ ಸಿಟ್ಟನ್ನೆಲ್ಲ ಸೇರಿಸಿ ತಿಕ್ಕಿದೆ. ಸೀಗೆ ಕಣ್ಣಿಗೆ ಹೋಗಿ ಕಣ್ಣು ಬಿಡಲು ಆಗಲಿಲ್ಲ, ಹೀಗಾಗಿ ಕೆಳಗೆ ಏನು ಹರಿಯುತ್ತಿದೆ ಎಂದು ಕಾಣಲಿಲ್ಲ. ತೊಟ್ಟಿಯ ನೀರು ಒಂದು ಸಣ್ಣ ಕಾಲುವೆಯಲ್ಲಿ ಹಿಪ್ಪುನೇರಳೆಯ ಸಾಲುಗಳಿಗೆ ಹೋಗುತ್ತಿತ್ತು. ಆ ಸಾಲುಗಳ ಕೆಳಗಿನ ತುದಿಯಲ್ಲಿ ಹನ್ನೆರಡು ಮಕ್ಕಳು ಸೊಪ್ಪು ನೋಡುತ್ತ ನಿಂತಿದ್ದರು. ಕಾಲುವೆಯಲ್ಲಿ ಇದ್ದಕ್ಕಿದ್ದಂತೆ ಮಸಿಯಂಥ ಕಪ್ಪು ನೀರು ಬಂತಂತೆ.

ನನ್ನ ಮಕ್ಕಳನ್ನು ನಾನು ಎಷ್ಟು ಚೆನ್ನಾಗಿ ತಯಾರು ಮಾಡಿದ್ದೆ ಎಂದರೆ, ಒಬ್ಬರೂ ಕೂಗಲಿಲ್ಲ, ಯಾರನ್ನೂ ಕೇಳಲಿಲ್ಲ. ಬಾಟಲಿಯಲ್ಲಿ ನೀರು ಹಿಡಿದುಕೊಂಡರು. ನೋಟ್‌ಬುಕ್ ತೆಗೆದರು. ಸಾಲಾಗಿ ಕಾಲುವೆಯ ಗುಂಟ ಮೇಲಕ್ಕೆ ನಡೆದು ಬಂದರು. ಕಣ್ಣಿನ ಸೀಗೆ ಕಳೆದು ನಾನು ಕೆಳಗೆ ನೋಡಿದಾಗ ಮೊದಲು ಕಂಡದ್ದು ಕಪ್ಪು ನೀರು, ಆಮೇಲೆ ಅದರ ಆಚೆ ಇಪ್ಪತ್ತನಾಲ್ಕು ಕಾಲು. ತಲೆ ಎತ್ತಿದೆ. ಅರ್ಧ ಬಿಳಿ, ಅರ್ಧ ಕಪ್ಪು, ಕಿವಿಯ ಹಿಂದೆ ಇನ್ನೂ ಸೋರುತ್ತಿದ್ದ ಆ ತಲೆಯನ್ನು ಮಕ್ಕಳು ಬಹಳ ಶ್ರದ್ಧೆಯಿಂದ ನೋಡಿದರು.

ಟೆಂಪೋದ ಜುಂಜಣ್ಣ ಟೈರು ತೊಳೆದಿರಬೇಕು ಎಂದೆ. ಆಶಾರಾಣಿ ಎಂಬ ಹುಡುಗಿ ಸುತ್ತ ನೋಡಿ, ಟೆಂಪೋ ಕೆಳಗಡೆ ಇದೆ ಸರ್, ನೀರು ಮೇಲಿಂದ ಬರುತ್ತಿದೆ ಎಂದಳು. ಅಷ್ಟರಲ್ಲಿ ಪಾಪಕ್ಕ ಗುದ್ದಲಿ ಹಿಡಿದು ಓಡಿಬಂದು ಕಾಲುವೆಗೆ ಮಣ್ಣೆಳೆದರು. ಆ ಸಾಲಿನ ಸೊಪ್ಪನ್ನು ಈ ಹುಳುಗಳಿಗೆ ಹಾಕುವಂತಿಲ್ಲ ಎಂದು ಗೊಣಗುತ್ತ, ಮನೆಯಲ್ಲಿ ಮೊಮ್ಮಕ್ಕಳನ್ನು ಗದರಿದಂತೆ ನನ್ನನ್ನೂ ಗದರಿದರು.

ಎಲ್ಲರಿಗಿಂತ ಮುಂದೆ ನಿಂತಿದ್ದವಳು ಗಂಗೋತ್ರಿ. ಅವಳ ನೋಟ್‌ಬುಕ್ಕಿನಲ್ಲಿ ‘ಕಪ್ಪು ನೀರು. ಮೂಲ:’ ಎಂಬಲ್ಲಿಗೆ ಪೆನ್ನು ನಿಂತಿತ್ತು. ಈಗ ಇವಳು ಸೇಡು ತೀರಿಸಿಕೊಳ್ಳುತ್ತಾಳೆ ಎಂದುಕೊಂಡೆ. ನಾನಾಗಿದ್ದರೆ ತೀರಿಸಿಕೊಳ್ಳುತ್ತಿದ್ದೆ. ಅವಳು ಹತ್ತಿರ ಬಂದು ಮೆಲ್ಲಗೆ ಮಾತಾಡಿದಳು.

“ನಿಮ್ಮ ಹೆಸರು ಬ್ಯಾಡ್ರಿ ಸರ್. ಬೋರಿನ ತೊಟ್ಟಿ ಅಂತ ಬರೀತೀನಿ. ಗ್ವಾಡಿ ಮ್ಯಾಲ ಹೆಸರು ಬಿದ್ರ ಹೆಂಗಾಗ್ತದ, ನಂಗ ಗೊತ್ತೈತ್ರಿ.”

ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ‘ಆಯ್ತಮ್ಮ’ ಎಂದೆ. ಹೋದ ಜೀವ ಬಂದಂತಾಯಿತು. ಹುಳುವಿನ ಮನೆಗೆ ಹೋದೆವು, ಹುಳುಗಳು ಸೊಪ್ಪು ತಿನ್ನುವ ಸದ್ದು ಕೇಳಿದೆವು, ನಾನು ತಲೆಗೆ ಟವೆಲ್ಲು ಸುತ್ತಿಕೊಂಡೇ ಫೋಟೋಗೆ ನಿಂತೆ. ಮಡಕಶಿರ ದಾಟುವವರೆಗೂ ಸುಖವಾಗಿದ್ದೆ. ಆಮೇಲೆ ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತಿದ್ದ ಗಂಗೋತ್ರಿ ಕನ್ನಡಿಯಲ್ಲಿ ಕಾಣತೊಡಗಿದಳು. ಕನ್ನಡಿಯನ್ನು ಸ್ವಲ್ಪ ಆಚೆ ತಿರುಗಿಸಯ್ಯ ಎಂದು ಜುಂಜಣ್ಣನಿಗೆ ಹೇಳಿದೆ. ಹಿಂದೆ ಬರುವ ಲಾರಿ ಕಾಣಬೇಡವಾ ಸಾರ್ ಎಂದ.

ಮನೆಯಲ್ಲಿ ನಾಗವೇಣಿ ನನ್ನ ತಲೆ ನೋಡಿ ಒಲೆಯ ಮುಂದೆ ಕೂತು ನಕ್ಕಳು. ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿತ್ತಂತೆ ಎಂದಳು. ಎಲ್ಲ ಕೇಳಿದ ಮೇಲೆ ನಗು ನಿಲ್ಲಿಸಿ, ಆ ಹುಡುಗಿಗೆ ಇರುವ ಬುದ್ಧಿ ನಿಮಗಿಲ್ಲವಲ್ಲ ಎಂದಳು. ಹಾಗಾದರೆ ಬಾಲರಾಜುವಿನ ಹೆಸರನ್ನೂ ಅಳಿಸಿಬಿಡುತ್ತೇನೆ, ಇಬ್ಬರದೂ ಬೇಡ ಎಂದೆ.

“ಅಳಿಸಿದ್ರ ನೀರು ತಿಳಿಯಾಗ್ತದೇನ್ರಿ?” ಎಂದು ಕೇಳಿ ಅವಳು ಅನ್ನಕ್ಕಿಟ್ಟಳು.

ಪ್ರದರ್ಶನದ ದಿನ ಎಲ್ಲರಿಗಿಂತ ಮೊದಲು ಶಾಲೆಗೆ ಹೋದೆ. ಚಾರ್ಟಿನ ಮೇಲೆ ಗೇಣುದ್ದದ ಬಾಲರಾಜು. ಅದರ ಕೆಳಗೆ ಗಂಗೋತ್ರಿಯ ಸಣ್ಣ ದುಂಡಕ್ಷರದಲ್ಲಿ, ಬೋರಿನ ತೊಟ್ಟಿ. ಕೆಂಪು ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದೆ. ಹದಿನೈದು ವರ್ಷ ಕಾಪಾಡಿಕೊಂಡು ಬಂದದ್ದನ್ನು ನನ್ನ ಕೈಯಾರೆ ಕಳೆಯಬೇಕಲ್ಲ. ಕಡೆಗೆ ತೊಟ್ಟಿಯನ್ನು ಹೊಡೆದುಹಾಕಿ ‘ಉಚ್ಚಂಗೆಪ್ಪ ಮೇಷ್ಟ್ರ ತಲೆ’ ಎಂದು ಬರೆದೆ. ಗೇಣಿಗಿಂತ ನಾಲ್ಕು ಬೆರಳು ಹೆಚ್ಚೇ ಆಯಿತು, ನನ್ನ ಹೆಸರು ಉದ್ದ.

ಹತ್ತು ಗಂಟೆಗೆ ಶಾಲೆಯೆಲ್ಲ ಆ ಗೋಡೆಯ ಮುಂದೆ ಇತ್ತು. ಹೆಡ್‌ಮಾಸ್ಟರು ಓದಿ, ತೆಲುಗಿನಲ್ಲಿ ಏನೋ ಹೇಳಲು ಹೋಗಿ, ಕೆಮ್ಮು ಬಂದವರ ಹಾಗೆ ಬಾಯಿ ಮುಚ್ಚಿಕೊಂಡು ಹೊರಗೆ ಹೋದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಆ ಗುಂಪಿನಲ್ಲಿ ಗಂಗೋತ್ರಿಯೂ ಆಶಾರಾಣಿಯ ಹೆಗಲು ಹಿಡಿದು ನಗುತ್ತಿದ್ದಳು. ಯಾರೂ ಅವಳನ್ನು ನೀಲಮ್ಮ ಎನ್ನುತ್ತಿರಲಿಲ್ಲ. ನನಗೇನು ಹೆಸರಿಟ್ಟಿದ್ದಾರೆ ಎಂದು ನಾನು ವಿಚಾರಿಸಲಿಲ್ಲ.

ಅಷ್ಟರಲ್ಲಿ ಬಾಲರಾಜು ಬಂದ. ಮೊಳಕೈವರೆಗೂ ನೀಲಿ ಹತ್ತಿದ ಕೈ. ಜಗಳಕ್ಕೇ ಬಂದಿದ್ದಾನೆ ಎಂದುಕೊಂಡು ನಾನು ಮೊದಲೇ ಕುರ್ಚಿಯಿಂದ ಎದ್ದು ನಿಂತೆ. ಅವನು ಎರಡೂ ಸಾಲನ್ನು ಬೆರಳಿಟ್ಟು ಓದಿದ. ತಿರುಗಿ ನನ್ನ ತಲೆಯನ್ನು, ಕಸುಬು ಗೊತ್ತಿದ್ದವನು ನೋಡುವ ಹಾಗೆ, ಒಂದು ಸುತ್ತು ನೋಡಿದ.

“ನಾವು ಹೊಸಾದನ್ನ ಹಳೇದು ಕಾಣೋಹಂಗ ಮಾಡ್ತೀವ್ರಿ ಸರ್, ನೀವು ಹಳೇದನ್ನ ಹೊಸಾದು ಮಾಡ್ತೀರಿ. ನೀರು ಮಾತ್ರ ಇಬ್ಬರದೂ ಒಂದ ಚರಂಡಿಗೆ ಬರ್ತದ.”

ನನಗೆ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. ಶೆಡ್ಡಿನ ಮುಂದಿನ ಚರಂಡಿ ಶೆಡ್ಡಿನಲ್ಲಿ ಶುರುವಾಗುವುದಿಲ್ಲ, ನಮ್ಮ ಓಣಿಯಿಂದ ಇಳಿದು ಬರುತ್ತದೆ. ತಿಂಗಳಿಗೆರಡು ಭಾನುವಾರ ಅದರಲ್ಲಿ ಕಪ್ಪು ನೀರು ಬರುವುದನ್ನು ಅವನು ಎಷ್ಟೋ ವರ್ಷದಿಂದ ನೋಡುತ್ತಿದ್ದ. ಯಾರದೆಂದೂ ಗೊತ್ತಿತ್ತು. ಗುರುಗಳದು ಎಂದು ಬಾಯಿ ಬಿಟ್ಟಿರಲಿಲ್ಲ. ಇನ್ನು ಶೆಡ್ಡಿನ ಹಿಂದೆ ಗುಂಡಿ ತೋಡಿ ಮರಳು ಹಾಕಿ ನೀರು ಸೋಸುವುದು ಹೇಗೆ ಎಂದು ಮಕ್ಕಳನ್ನು ಕರೆದುಕೊಂಡು ಬಂದು ತೋರಿಸಿದರೆ ತೋಡಿಸುತ್ತೇನೆ ಎಂದೂ ಹೇಳಿದ. ಕಡೆಗೆ, ಮಕ್ಕಳು ತನ್ನ ಬಾಗಿಲಲ್ಲಿ ನಿಂತದ್ದು ತಪ್ಪಲ್ಲ, ಇನ್ನೊಂದು ಸ್ವಲ್ಪ ಮೇಲೆ ನಡೆಯಬೇಕಿತ್ತು ಅಷ್ಟೇ ಎಂದ.

ಅವನು ಅದನ್ನು ಮೆಲ್ಲಗೇ ಹೇಳಿದ್ದ. ಆದರೆ ಹನ್ನೆರಡು ಮಕ್ಕಳೂ ಕೇಳಿಸಿಕೊಂಡಿದ್ದರು. ಯಾರೂ ಕೂಗಲಿಲ್ಲ. ಒಬ್ಬೊಬ್ಬರಾಗಿ ಬಾಟಲಿ ತೆಗೆದುಕೊಂಡರು, ನೋಟ್‌ಬುಕ್ ತೆಗೆದುಕೊಂಡರು. ಗಂಗೋತ್ರಿ ಅಪ್ಪನ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿದಳು. ಬ್ಯಾಡ್ರಿ ಸರ್ ಎಂದು ಇನ್ನೊಂದು ಸಲ ಆ ಹುಡುಗಿಯ ಬಾಯಲ್ಲಿ ಕೇಳುವ ಶಕ್ತಿ ನನಗಿರಲಿಲ್ಲ. ನಡೀರಿ ಎಂದು ನಾನೇ ಮುಂದೆ ಹೊರಟೆ. ಮನೆಯಲ್ಲಿ ನಾಗವೇಣಿ ಯಾಕೆ ಏನು ಎಂದು ಕೇಳುವಷ್ಟರಲ್ಲಿ ಹನ್ನೆರಡು ಮಕ್ಕಳನ್ನೂ ಅಡುಗೆ ಮನೆ ದಾಟಿಸಿ, ಬಚ್ಚಲ ಬಾಗಿಲ ಚಿಲಕ ತೆಗೆದೆ.