ಲಾರಿ ಹೋಗುವ ತನಕ

ಬಾಗಿಲು ತೆರೆದ ರಚನಾ ಒಳಗೆ ಬನ್ನಿ ಎನ್ನುವ ಮೊದಲೇ ಎವರ್‌ಸಿಲ್ವರ್ ಡಬ್ಬಿಯೊಂದನ್ನು ಮುಂದೆ ಹಿಡಿದಳು. ಗೋಕುಲಾಷ್ಟಮಿಗೆ ಚಕ್ಕುಲಿ ತುಂಬಿಸಿಡುವ ದೊಡ್ಡ ಸ್ಟೀಲ್ ಡಬ್ಬಿ. ತಳದಲ್ಲಿ ಮೊಬೈಲುಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು.

"ಫೋನು ಇದರಲ್ಲಿ ಹಾಕ್ಬಿಡಿ. ಭಜನೆ ಮುಗಿದ ಮೇಲೆ ಕೊಡ್ತೀನಿ."

ಶ್ರೀವಿದ್ಯಾ ಕೈಯಲ್ಲಿದ್ದ ಫೋನನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ನುಂಗಂಬಾಕ್ಕಂನಿಂದ ಮಾಧವರಂವರೆಗೆ ಆ ಬಿಸಿಲಲ್ಲಿ ಆಟೋ ಹಿಡಿದು ಬಂದದ್ದೇ ಫೋನಿನಲ್ಲಿ ಒಂದು ಕೆಲಸ ಮಾಡಿಸಿಕೊಂಡು ಹೋಗುವುದಕ್ಕೆ. "ಇದೇನು ಹೊಸ ರೂಲು?" ಎಂದು ನಗಲು ನೋಡಿದಳು.

"ನಿಮ್ಮಿಂದ ಬಂದ ರೂಲೇ," ಎಂದಳು ರಚನಾ. ಅವಳು ನಗಲಿಲ್ಲ. "ಯಾರಾದ್ರೂ ಮರೆತು ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕ್ಬಿಟ್ರೆ ಕೇಸಾಗತ್ತೆ ಅಂತ ಎಲ್ರಿಗೂ ಭಯ. ಅತ್ತೆ ಕಿಟಕೀನೂ ಮುಚ್ಚಿಸ್ತಾರೆ. ಈ ಸೆಕೇಲಿ!"

ಶ್ರೀವಿದ್ಯಾ 'ಮಾಮಿ' ಎನ್ನುವ, ಮನೆಯಲ್ಲೇ ಭಜನಾ ಮಂಡಳಿ ನಡೆಸುವ ಅಂಬುಜಮ್ಮನ ಸೊಸೆ ರಚನಾ. ಮೈಸೂರಿನವಳು. ಪೆರುಂಗುಡಿಯ ಕಂಪನಿಯೊಂದರಲ್ಲಿ ಕೆಲಸ, ಶುಕ್ರವಾರ ಮಾತ್ರ ಮನೆಯಿಂದಲೇ. ಮಾತನ್ನು ಸುತ್ತಿ ಬಳಸಿ ಆಡುವ ಅಭ್ಯಾಸ ಅವಳಿಗಿರಲಿಲ್ಲ.

"ಮಾಮಿ ಹತ್ರ ಸ್ವಲ್ಪ ಮಾತಾಡ್ಬೇಕು ರಚನಾ. ಆಮೇಲೆ ನಾನೇ ತಂದು ಹಾಕ್ತೀನಿ, ಪ್ರಾಮಿಸ್."

"ಏನು ಮಾತು ಅಂತ ನಂಗೆ ಗೊತ್ತು. ನಮ್ಮನೆಯವರಿಗೂ ಗೊತ್ತು. ಅತ್ತೆ ಏನು ಕೇಳಿದ್ರೂ ಹೂಂ ಅಂತಾರೆ, ಅದು ನಿಮಗೂ ಗೊತ್ತು." ರಚನಾ ಡಬ್ಬಿಯನ್ನು ಸೊಂಟಕ್ಕೆ ಆನಿಸಿಕೊಂಡು ದಾರಿ ಬಿಟ್ಟಳು. "ಹೋಗಿ. ಒಳಗಿನ ರೂಮಲ್ಲಿದ್ದಾರೆ."

ಈ ಎಲ್ಲ ರಾದ್ಧಾಂತದ ಮೂಲ ಒಂದು ತೊಟ್ಟಿಲ ಹಾಡು. ಹಾಡಿನ ಮಾತು ಬಹಳ ಹಳೆಯದು, ಬರೆದವರು ಯಾರೆಂದು ಯಾರಿಗೂ ತಿಳಿಯದು. ಧಾಟಿ ಮಾತ್ರ ಅಂಬುಜಮ್ಮನದು. ಗಂಡ ಹಾಲಿನ ಡೈರಿಯಲ್ಲಿ ಕೆಲಸಕ್ಕಿದ್ದ ಕಾಲದಲ್ಲಿ, ರಸ್ತೆ ಬದಿಯ ಮನೆಯ ಕಿಟಕಿ ಪಕ್ಕ ಕೂತು ಮಗ ಮುರಳೀಧರನನ್ನು ತೂಗುತ್ತ ಕಟ್ಟಿದ್ದು. ಬೆಳಗಿನ ಜಾವ ಹಾಲಿನ ಲಾರಿಗಳು ಕ್ಯಾನು ಕುಲುಕಿಸುತ್ತ ಹಾದುಹೋಗುವಾಗ ತಾನು ಹಾಡಿದ್ದು ತನಗೇ ಕೇಳುತ್ತಿರಲಿಲ್ಲವಂತೆ. ಹಾಗಾಗಿ ಮೂರನೇ ಸಾಲಿನ ನಡುವೆ ದನಿ ನಿಲ್ಲಿಸಿ, ಲಾರಿ ಹೋಗುವ ತನಕ ಕಾದು, ನಿಲ್ಲಿಸಿದ ಸ್ವರದಿಂದಲೇ ಮತ್ತೆ ಎತ್ತಿಕೊಳ್ಳುತ್ತಿದ್ದರು. ಗಂಡ ತೀರಿಕೊಂಡರು, ಮಗನ ತಲೆ ನರೆಯಿತು, ಮನೆಯೂ ಬದಲಾಯಿತು. ಆ ತಡೆ ಮಾತ್ರ ಹಾಡಿನಲ್ಲಿ ಉಳಿಯಿತು.

ಕೊರೋನಾ ಬಂದು ಎಲ್ಲರೂ ಮನೆಯೊಳಗೆ ಕೂತಾಗ ಅಂಬುಜಮ್ಮ ಅದನ್ನು ಶ್ರೀವಿದ್ಯಾಳಿಗೆ ವಾಟ್ಸಾಪಿನಲ್ಲಿ ಕಲಿಸಿದರು. ಬೆಳಿಗ್ಗೆ ಎದ್ದರೆ ಮಾಮಿಯ ಒಂದು ಸಾಲು ಬಂದಿರುತ್ತಿತ್ತು, ಹಿಂದೆ ಕುಕ್ಕರಿನ ಸದ್ದಿನೊಂದಿಗೆ. ಇವಳು ಹಾಡಿ ಕಳಿಸಿದರೆ ಮಧ್ಯಾಹ್ನಕ್ಕೆ ತಿದ್ದುಪಡಿ. ಬಾಗಿಲುಗಳು ತೆರೆದ ಮೇಲೆ ಶ್ರೀವಿದ್ಯಾ ಹಣ್ಣು ಹಿಡಿದು ಬಂದಳು, ಅಂಬುಜಮ್ಮ ಮಂಡಳಿಯ ಪದ್ಧತಿಯಂತೆ ಅವಳನ್ನು ಮಣೆಯ ಮೇಲೆ ಕೂರಿಸಿ ಅರಿಶಿನ ಕುಂಕುಮ, ರವಿಕೆ ಕಣ, ತಾಂಬೂಲ ಕೊಟ್ಟರು. ಅವರಲ್ಲಿ ಹಾಡು ಕೊಡುವುದು ಹಾಗೆ. ತಾಂಬೂಲ ಇಟ್ಟು ಕೊಟ್ಟ ಹಾಡನ್ನು ಕೊಟ್ಟವರು ಮತ್ತೆ ನನ್ನದು ಎನ್ನಬಾರದು. ಅಂಬುಜಮ್ಮ ಎಂದೂ ಅನ್ನಲಿಲ್ಲ.

ಎಡವಟ್ಟಾದದ್ದು ಅಲ್ಲೇ. ಶ್ರೀವಿದ್ಯಾ ಹಾಡಿದ್ದನ್ನು ಹೊರತಂದ ಮ್ಯೂಸಿಕ್ ಕಂಪನಿಯ ಪ್ರತಾಪ್ ಧಾಟಿ ಯಾರದ್ದೆಂದು ಕೇಳಿದಾಗ "ಮಾಮಿ ನನಗೇ ಕೊಟ್ಟುಬಿಟ್ಟಿದ್ದಾರೆ" ಎಂದು ಅವಳು ಹೇಳಿದ್ದು ನಿಜ. "ಹಾಗಾದ್ರೆ ನಿಮ್ಮದೇ ಆಯ್ತಲ್ಲ ಮೇಡಂ" ಎಂದು ಅವನು 'ಸ್ವಂತ ರಾಗಸಂಯೋಜನೆ' ಎಂದು ಬರೆದುಕೊಂಡಾಗ ಅವಳು ಸುಮ್ಮನಿದ್ದದ್ದೂ ನಿಜ. ಸಹಿ ಹಾಕಿದಳು. ಹಾಡು ಊರೂರು ಸುತ್ತಿತು. ಕೇಳಿದವರೆಲ್ಲ ಆ ತಡೆಯನ್ನೇ ಹೊಗಳಿದರು. ಸಂದರ್ಶನವೊಂದರಲ್ಲಿ ಹುಡುಗಿಯೊಬ್ಬಳು ಕಣ್ಣರಳಿಸಿ, ಆ ಮೌನ ಹೇಗೆ ಹೊಳೆಯಿತು ಎಂದು ಕೇಳಿದಾಗ, ಶ್ರೀವಿದ್ಯಾ ಬೆಸಂಟ್ ನಗರದ ಕಡಲ ದಡದಲ್ಲಿ ಅಲೆ ಹಿಂದಕ್ಕೆ ಸರಿಯುವುದನ್ನು ನೋಡುತ್ತಿದ್ದೆ ಎಂದುಬಿಟ್ಟಳು. ಅದು ಅವಳ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಮನೆಗೆ ಹೋಗುವಷ್ಟರಲ್ಲಿ ಅವಳಿಗೇ ಅರ್ಧ ನಂಬಿಕೆ ಬಂದಿತ್ತು.

ಆಮೇಲೆ ಕಂಪನಿಯ ನಕಲು ಪತ್ತೆ ಮಾಡುವ ಯಂತ್ರ ಇಂಟರ್‌ನೆಟ್ಟೆಲ್ಲ ಜಾಲಾಡಿ, ಅದೇ ಧಾಟಿ ಇರುವ ಇನ್ನೊಂದು ವಿಡಿಯೋ ಹುಡುಕಿ ತೆಗೆಸಿಹಾಕಿತು. ಅದು ಮಂಡಳಿಯವರೇ ಹಾಕಿದ್ದ ಹಳೆಯ ವಿಡಿಯೋ. ಅದರಲ್ಲಿ ಅಂಬುಜಮ್ಮ, ಪಕ್ಕದಲ್ಲಿ ಹೋದ ವರ್ಷ ತೀರಿಕೊಂಡ ಗೆಳತಿ ಸುಗುಣಾ, ಇಬ್ಬರೂ ಒಂದೇ ತಾಳಕ್ಕೆ ತಲೆದೂಗುತ್ತ ಹಾಡಿದ್ದರು. ಯಾವುದು ಮೊದಲು ಯಾವುದು ಆಮೇಲೆ ಎಂದು ಯಂತ್ರ ಕೇಳುವುದಿಲ್ಲ. ಮುರಳೀಧರ ಸಿಟ್ಟಿಗೆದ್ದು ತಕರಾರು ಸಲ್ಲಿಸಿದ. ಈಗ ಅಂಬುಜಮ್ಮನೇ ಧಾಟಿ ನನ್ನದಲ್ಲ ಎಂದು ವಿಡಿಯೋದಲ್ಲಿ ಹೇಳಿಬಿಟ್ಟರೆ ತಕರಾರು ಬಿದ್ದುಹೋಗುತ್ತದೆ.

"ಬಾ ಕಣ್ಣಾ," ಎಂದರು ಅಂಬುಜಮ್ಮ. ಮಂಚದ ತುದಿಯಲ್ಲಿ, ಮಡಿಕೆ ಮುರಿಯದ ನೇರಳೆ ಸೀರೆಯುಟ್ಟು ಕೂತಿದ್ದರು. "ವಿಡಿಯೋ ಅಂತ ಫೋನಲ್ಲಿ ಅಂದೆಯಲ್ಲ, ಅದಕ್ಕೇ ಉಟ್ಟೆ. ಶರಿಯಾಗಿದೆಯಾ?"

"ಸೂಪರಾಗಿದೆ ಮಾಮಿ," ಎಂದಳು ಶ್ರೀವಿದ್ಯಾ.

ಅಷ್ಟರಲ್ಲಿ ಫೋನು ನಡುಗಿತು. ಅವಳು ಗೋಡೆಯ ಕಡೆ ತಿರುಗಿ ಕಿವಿಗಿಟ್ಟುಕೊಂಡಳು.

"ಮೇಡಂ, ಆಯ್ತಾ?" ಪ್ರತಾಪ್ ಉಸಿರು ಬಿಡದೆ ಮಾತಾಡಿದ. "ಲೀಗಲ್‌ನವ್ರು ಆರು ಗಂಟೆಗೆ ಆಫೀಸು ಬಿಟ್ಟುಬಿಡ್ತಾರೆ. ವಿಡಿಯೋ ಇವತ್ತು ಬರ್ಲಿಲ್ಲ ಅಂದ್ರೆ ನಿಮ್ಮ ಆಲ್ಬಮ್ ನಿಲ್ಲಿಸ್ತಾರೆ. ಅಷ್ಟೇ ಅಲ್ಲ, ನೀವು ಸೈನ್ ಮಾಡಿರೋದು ಸುಳ್ಳು ಅಂತಾದ್ರೆ ಕಂಪನಿ ನಿಮ್ಮ ಮೇಲೇ ಬರತ್ತೆ. ಆಗ ನಾನೇನೂ ಮಾಡಕ್ಕಾಗಲ್ಲ. ಈಗ್ಲೇ ಹೇಳಿದ್ದೀನಿ."

ಶ್ರೀವಿದ್ಯಾ ಕರೆ ಕತ್ತರಿಸಿದಳು. ಮದುವೆ ಛತ್ರಗಳಲ್ಲಿ, ಊಟದ ಪಂಕ್ತಿಯ ಗಲಾಟೆಗೆ ಹಾಡಿ ಹಾಡಿ ಅವಳಿಗೆ ಸಾಕಾಗಿತ್ತು. ತನ್ನ ಹೆಸರು ಕೇಳಿ ಜನ ಕಿವಿಗೊಡುವುದು ಈಗಷ್ಟೇ ಶುರುವಾಗಿತ್ತು. ಇದು ಕೈತಪ್ಪಿದರೆ ಮತ್ತೆ ಅದೇ ಛತ್ರ, ಅದೇ ಸಾರು ಬಡಿಸುವವರ ಕೂಗು.

ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದು ವಿಡಿಯೋದ ಕೆಂಪು ಗುಂಡಿ ಒತ್ತಿದಳು. ಅಂಬುಜಮ್ಮ ಬೆನ್ನು ನೆಟ್ಟಗೆ ಮಾಡಿದರು.

"ನಮಸ್ಕಾರ. ನಾನು ಅಂಬುಜಮ್ಮ. ಈ ತೊಟ್ಟಿಲ ಪಾಟು ನಮ್ಮ ಶ್ರೀವಿದ್ಯಾಂದು. ನಾನೇ ತಾಂಬೂಲ ಕೊಟ್ಟು ಅವಳಿಗೆ ಕೊಟ್ಟೆ. ತುಂಬಾ ಚೆನ್ನಾಗಿ ಹಾಡ್ತಾಳೆ, ಕೊಳಂದೆ, ನಮ್ಮ ಮಗು," ಎಂದು ಹೇಳಿ ಕ್ಯಾಮೆರಾಕ್ಕೆ ಕೈಮುಗಿದರು.

ಕಳಿಸಿದ ಕ್ಷಣಕ್ಕೇ ಪ್ರತಾಪನ ವಾಯ್ಸ್ ಮೆಸೇಜ್ ಬಂತು. ಗಾಬರಿಯಲ್ಲಿ ಅವಳ ಬೆರಳು ತಗಲಿ ಅದು ಇಡೀ ಕೋಣೆಗೆ ಕೇಳುವಂತೆ ಮಾತಾಡಿತು: "ಅಯ್ಯೋ ಮೇಡಂ, ನಾನೇ ಕೊಟ್ಟೆ ಅಂದ್ರೆ ಮೊದಲು ಅವರ ಹತ್ರ ಇತ್ತು ಅಂತಾಗ್ಬಿಡತ್ತೆ! ತಾಂಬೂಲ ಗೀಂಬೂಲ ಎಲ್ಲಾ ಬೇಡ. ನಿಮ್ಮ ಹತ್ರ ಕೇಳಿ ಕಲಿತೆ ಅಂತ ಹೇಳಿಸಿ. ಇನ್ನೊಂದು ಟೇಕ್, ಬೇಗ."

ನಡುಮನೆಯಲ್ಲಿ ಹೆಂಗಸರು ಜಮಖಾನೆ ಕೊಡವುವ ಸದ್ದು ಕೇಳುತ್ತಿತ್ತು. ಅಂಬುಜಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿದರು.

"ನಿನ್ನ ಹತ್ರ ಕಲಿತೆ ಅಂತ ಹೇಳ್ಬೇಕಾ?"

"ಅದು... ಫಾರ್ಮಾಲಿಟಿಗೆ ಅಷ್ಟೇ ಮಾಮಿ. ನಿಜವಾಗ್ಲೂ ಹಾಗೆ ಅಂತ ಅಲ್ಲ."

"ಶರಿ, ಹೇಳ್ತೀನಿ. ಅದಕ್ಕೇನು." ಅವರು ಸೆರಗನ್ನು ಹೆಗಲ ಮೇಲೆ ಸರಿಪಡಿಸಿಕೊಂಡರು. "ಯೂಟ್ಯೂಬಲ್ಲಿ ನೀನು ಮಾತಾಡಿದ್ದನ್ನ ರಚನಾ ತೋರಿಸಿದ್ಲು. ಕಡಲು ಅಂದೆಯಲ್ಲ, ಕೇಳಕ್ಕೆ ಚೆನ್ನಾಗಿತ್ತು ಕಣ್ಣಾ. ಹಾಲಿನ ಲಾರಿ ಅಂದಿದ್ರೆ ಯಾರು ಕೇಳ್ತಿದ್ರು?"

ಶ್ರೀವಿದ್ಯಾ ತಲೆಯೆತ್ತಿದಳು. ಆ ಮಾತಿನಲ್ಲಿ ಕುಟುಕಿರಬಹುದೇ ಎಂದು ಹುಡುಕಿದಳು. ಕುಟುಕಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು, ಜಗಳವನ್ನಾದರೂ ಆಡಬಹುದಿತ್ತು. ಮಾಮಿಯ ಮುಖದಲ್ಲಿ ಅಂಥದ್ದೇನೂ ಇರಲಿಲ್ಲ. ಅವರು ಆಗಲೇ ತುಟಿಯಲ್ಲೇ ಹೊಸ ಮಾತನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ಶಾಲೆಯ ಮಗುವಿನಂತೆ ತಪ್ಪಾದೀತೆಂದು ಅಂಜುತ್ತಿದ್ದರು.

"ರೆಡಿ. ಸೀಕ್ರಂ, ಬೇಗ ವಿಡಿಯೋ ಎತ್ತು, ಮರೆತುಹೋಗತ್ತೆ."

ಅವಳು ಗುಂಡಿ ಒತ್ತಿದಳು.

"ನಾನು ಅಂಬುಜಮ್ಮ. ಈ ತೊಟ್ಟಿಲ ಪಾಟಿನ ಧಾಟಿ ಶ್ರೀವಿದ್ಯಾ ಹಾಕಿದ್ದು. ನಾನು ಅವಳ ಹತ್ರ ಕೇಳಿ ಕಲಿತೆ." ಒಂದೇ ಉಸಿರಿಗೆ, ಒಂದೂ ತಪ್ಪಿಲ್ಲದೆ ಹೇಳಿದರು. ಆಮೇಲೆ, ಅವಳು ಗುಂಡಿಯ ಮೇಲೆ ಬೆರಳಿಡುವ ಮೊದಲೇ, ಮುಂದಕ್ಕೆ ಬಾಗಿ ತಗ್ಗಿದ ದನಿಯಲ್ಲಿ ಕೇಳಿದರು: "ಇನ್ನೊಂದು ಕೇಳ್ಲಾ? ಇನ್ಮೇಲೆ ನಾವು ಮನೆಯೊಳಗೆ ಹಾಡಬಹುದಾ ಇದನ್ನ? ಕಿಟಕಿ ಮುಚ್ಕೊಂಡೇ ಹಾಡ್ತೀವಿ. ಫೋನೆಲ್ಲಾ ಡಬ್ಬಿಲಿ ಹಾಕಿಸಿಬಿಡ್ತೀನಿ. ನಿಂಗೆ ಏನೂ ತೊಂದ್ರೆ ಬರಲ್ಲ. ಸುಗುಣಾ ಇದನ್ನ ಕೇಳ್ತಾ ಕೇಳ್ತಾನೇ ಹೋದ್ಲು, ಅದಕ್ಕೇ. ಕೂಡದು ಅಂದ್ರೆ ಬಿಡ್ತೀವಿ, ಬೇರೆ ಪಾಟು ಎಷ್ಟೋ ಇದೆ."

ಶ್ರೀವಿದ್ಯಾ ರೆಕಾರ್ಡಿಂಗ್ ನಿಲ್ಲಿಸಿದಳು. ನಾಚಿಕೆ ಎನ್ನುವುದು ಹೀಗೆ ಮೈಯೆಲ್ಲ ಬಿಸಿಯಾಗುವಷ್ಟು ಇರುತ್ತದೆಂದು ಅವಳಿಗೆ ತಿಳಿದಿರಲಿಲ್ಲ. ತಮ್ಮದೇ ಹಾಡು ಹಾಡಲು ಈ ಹೆಂಗಸು ತನ್ನಿಂದ ಅಪ್ಪಣೆ ಕೇಳುತ್ತಿದ್ದಾರೆ.

ಆದರೂ ಬೆರಳು ತನ್ನ ಕೆಲಸ ಮಾಡುತ್ತಲೇ ಇತ್ತು. ಕೊನೆಯ ತುಂಡನ್ನು ಕತ್ತರಿಸಿ ಬಿಸಾಕುವುದು ಏನು ಮಹಾ. ಅಂಚನ್ನು ಹಿಡಿದು ಎಡಕ್ಕೆ ಎಳೆದಳು. 'ಕೇಳಿ ಕಲಿತೆ' ಎಂಬಲ್ಲಿಗೆ ವಿಡಿಯೋ ಮುಗಿಯಿತು, ಅಂಬುಜಮ್ಮನ ಬಾಯಿ ಇನ್ನೇನೋ ಕೇಳಲು ತುಸು ತೆರೆದಿದ್ದಂತೆಯೇ ನಿಂತಿತು. ಕಳಿಸುವ ಗುರುತು ಹಸಿರಾಗಿ ಕಾಯುತ್ತಿತ್ತು. ಮೇಲೆ ಪ್ರತಾಪನ ಸಂದೇಶ: 'ಮೇಡಂ? ಹತ್ತೇ ನಿಮಿಷ ಇದೆ.'

"ಎಲ್ರೂ ಬಂದಾಯ್ತು ಅತ್ತೆ." ರಚನಾ ಬಾಗಿಲಲ್ಲಿ ನಿಂತಿದ್ದಳು. ಡಬ್ಬಿ ಸೊಂಟದಲ್ಲೇ ಇತ್ತು. ಅವಳು ಎಷ್ಟು ಹೊತ್ತಿನಿಂದ ಅಲ್ಲಿದ್ದಳೋ. ಶ್ರೀವಿದ್ಯಾಳನ್ನು ನೋಡಿ, "ಮುಗೀತಾ ನಿಮ್ಮ ಕೆಲಸ?" ಎಂದಳು.

ಶ್ರೀವಿದ್ಯಾ ಎದ್ದು ಬಾಗಿಲವರೆಗೆ ನಡೆದಳು. ಒಂದು ಗಳಿಗೆ ಫೋನನ್ನೇ ನೋಡಿದಳು. ಆಮೇಲೆ ವಿಡಿಯೋ ಕಳಿಸದೆಯೇ ಅದನ್ನು ಡಬ್ಬಿಯೊಳಗೆ ಬಿಟ್ಟಳು. ಉಳಿದ ಫೋನುಗಳ ಮೇಲೆ ಅದು ಢಣ್ಣೆಂದು ಬಿತ್ತು. ರಚನಾ ಮುಚ್ಚಳ ಹಾಕಿದಳು.

ನಡುಮನೆಯಲ್ಲಿ ಕಿಟಕಿಗಳು ಮುಚ್ಚಿದ್ದವು. ಫ್ಯಾನಿನ ಗಾಳಿಗೂ ಹೆಂಗಸರ ಕತ್ತಿನಲ್ಲಿ ಬೆವರು ಆರಿರಲಿಲ್ಲ. ಡಬ್ಬಿಯನ್ನು ದೇವರ ಮಂಟಪದ ಪಕ್ಕ ನೆಲದ ಮೇಲೆ ಇಟ್ಟರು. ಗುರುಸ್ತೋತ್ರವಾಯಿತು, ಒಂದೆರಡು ದೇವರನಾಮ ಆಯಿತು. ಕೃಷ್ಣನ ಪುಟ್ಟ ತೊಟ್ಟಿಲನ್ನು ಮುಂದಕ್ಕೆಳೆದು ಅದರ ದಾರವನ್ನು ಕೈಗೆ ತೆಗೆದುಕೊಂಡ ಮೇಲೆ ಅಂಬುಜಮ್ಮ ಹಾಡಲಿಲ್ಲ. ಶ್ರೀವಿದ್ಯಾಳ ಕಡೆ ನೋಡಿದರು. ಉಳಿದವರೂ ನೋಡಿದರು. ಒಬ್ಬರು ತಾಳವನ್ನು ಮಡಿಲಲ್ಲಿ ಅಡಗಿಸಿಟ್ಟುಕೊಂಡರು.

"ನೀನೇ ಎತ್ಕೋ ಕಣ್ಣಾ," ಎಂದರು ಅಂಬುಜಮ್ಮ. "ನಿನ್ನ ಪಾಟು."

ಶ್ರೀವಿದ್ಯಾ ಎದ್ದು ಹೋಗಿ ರಸ್ತೆ ಕಡೆಯ ಕಿಟಕಿಯ ಚಿಲಕ ತೆಗೆದಳು. ಕಿಟಕಿ ಕಿರುಗುಟ್ಟಿ ತೆರೆಯಿತು. ಬಸ್ಸಿನ ಹಾರ್ನು, ಹೂವಿನವಳ ಕೂಗು, ಸಂಜೆಯ ಗಾಳಿ ಎಲ್ಲ ಒಟ್ಟಿಗೆ ಒಳಗೆ ಬಂದವು. ಅವಳು ಬಂದು ಅಂಬುಜಮ್ಮನ ಮುಂದೆ, ಕಲಿಯುವವರು ಕೂರುವ ಕಡೆ ಕೂತಳು.

"ನೀವೇ ಎತ್ಕೊಳ್ಳಿ ಮಾಮಿ. ಇದು ನಿಮ್ಮ ಧಾಟಿ." ಕೋಣೆಯ ಕೊನೆಯವರೆಗೆ ಕೇಳಿಸುವಂತೆ ಹೇಳಿದಳು. "ಮೂರನೇ ಸಾಲಲ್ಲಿ ಲಾರಿ ಹೋಗೋ ತನಕ ನಿಲ್ಲಿಸ್ಬೇಕಲ್ಲ, ಅದು ನಂಗೆ ಇನ್ನೂ ಬಂದಿಲ್ಲ. ಸ್ಟುಡಿಯೋದಲ್ಲಿ ಮಷೀನು ಎಣಿಸಿದಷ್ಟೇ ನಿಲ್ಲಿಸಿದೆ."

ರಚನಾ ಮೊದಲ ಬಾರಿಗೆ ಅವಳನ್ನು ನೆಟ್ಟಗೆ ನೋಡಿದಳು. ಅಂಬುಜಮ್ಮ ದಾರವನ್ನು ಎಳೆದರು, ತೊಟ್ಟಿಲು ತೂಗಿತು, ಹಾಡು ಶುರುವಾಯಿತು. ವಯಸ್ಸಾದ ದನಿ, ಮೇಲಿನ ಸ್ವರದಲ್ಲಿ ಸ್ವಲ್ಪ ಬಿರಿಯುತ್ತಿತ್ತು. ಎರಡನೇ ಸಾಲಿಗೆ ಎಲ್ಲರೂ ಸೇರಿಕೊಂಡರು. ಮೂರನೇ ಸಾಲಿನ ನಡುವೆ ಅವರು ನಿಲ್ಲಿಸಿದರು, ಎಲ್ಲರೂ ನಿಲ್ಲಿಸಿದರು.

ಆಗ ಡಬ್ಬಿಯೊಳಗೆ ಶ್ರೀವಿದ್ಯಾಳ ಫೋನು ನಡುಗತೊಡಗಿತು. ಅದರ ನಡುಕಕ್ಕೆ ಉಳಿದ ಫೋನುಗಳು ಒಂದಕ್ಕೊಂದು ತಾಗಿ, ಎವರ್‌ಸಿಲ್ವರ್ ಗೋಡೆಗೆ ಬಡಿದು, ಮುಚ್ಚಳವೂ ಗಡಗಡ ಕುಣಿಯಿತು. ರಚನಾ ಏಳಲು ಹೋದಳು. ಅಂಬುಜಮ್ಮ ಕಣ್ಣು ತೆರೆಯದೆಯೇ ಬಲಗೈ ಎತ್ತಿ ಬೇಡವೆಂದರು. ಶಬ್ದ ನಿಂತಿತು, ಮತ್ತೆ ಶುರುವಾಯಿತು. ಹೆಂಗಸರು ಚಪ್ಪಾಳೆಗೆ ಎತ್ತಿದ ಕೈ ಎತ್ತಿದಂತೆಯೇ ಕಾದರು. ಶ್ರೀವಿದ್ಯಾ ಡಬ್ಬಿಯ ಕಡೆ ತಿರುಗಲಿಲ್ಲ. ತೊಟ್ಟಿಲ ದಾರ ಹಿಡಿದ ಆ ಕೈಯನ್ನೇ ನೋಡುತ್ತಿದ್ದಳು.

ಕೊನೆಗೆ ಡಬ್ಬಿ ಸುಮ್ಮನಾಯಿತು. ಅಂಬುಜಮ್ಮ ಇನ್ನೂ ಒಂದು ಉಸಿರು ಕಾದು, ನಿಲ್ಲಿಸಿದ ಸ್ವರದಿಂದಲೇ ಹಾಡನ್ನು ಎತ್ತಿಕೊಂಡರು.